ಒಲೆ ಹಚ್ಚಿದ್ದು ಯಾರಿಗಾಗಿ?

ದಾವಣಗೆರೆಗೆ ಹೊರಟವರು ಫೋನು ಮಾಡಿ ಕೇಳುವ ಮಾತು ಬಹುತೇಕ ಒಂದೇ: "ಕಡಿಮೆ ಖರ್ಚಲ್ಲಿ ಒಳ್ಳೆ ಹೋಟೆಲ್ ಯಾವುದು?" ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: "ಉಣ್ಣೋಕೋ, ಮಲಗೋಕೋ?" ನಮ್ಮ ಕಡೆ ಹೋಟೆಲ್ ಅಂದರೆ ತಿಂಡಿ ಸಿಗುವ ಜಾಗ, ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ. ಮೊಬೈಲಿನಲ್ಲಿ 'ಹೋಟೆಲ್' ಎಂದು ಹುಡುಕಿದರೆ ಬರೀ ಕೋಣೆಗಳ ಪಟ್ಟಿ ಬರುತ್ತದೆ. ರೈಲು ನಿಲ್ದಾಣದ ಹೊರಗೆ ಆಟೋದವರನ್ನು ಅದೇ ಮಾತು ಕೇಳಿದರೆ ಅವರು ನೇರ ದೋಸೆ ಕಾವಲಿಯ ಮುಂದೆ ಇಳಿಸುತ್ತಾರೆ. ಎರಡನ್ನೂ ಬೇರೆ ಮಾಡಿ ಕೇಳಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ನನ್ನದೊಂದು ಸರಳ ಲೆಕ್ಕವಿದೆ. ಯಾವ ಊರಿಗೆ ಹೋದರೂ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಇಲ್ಲಿ ಒಲೆ ಹಚ್ಚಿದ್ದು ಯಾರಿಗಾಗಿ? ದಿನಾ ಬರುವವರಿಗಾಗಿ ಹಚ್ಚಿದ ಒಲೆಯಲ್ಲಿ ಬೆಲೆ ಏರಿಸಲು ಮಾಲೀಕನಿಗೆ ಧೈರ್ಯ ಸಾಲದು, ರುಚಿ ಕೆಡಿಸಲಂತೂ ಆಗುವುದೇ ಇಲ್ಲ. ಒಮ್ಮೆ ಬಂದು ಹೋಗುವವರಿಗಾಗಿ ಹಚ್ಚಿದ ಒಲೆಗೆ ಆ ಅಂಜಿಕೆ ಇರುವುದಿಲ್ಲ. ಬ್ಯಾಂಕಾಕಿನಲ್ಲಿ ಅಗ್ಗದ ಕೋಣೆಗಳಿಗೆ ಹೆಸರಾದ ಖಾವೊ ಸಾನ್ ರಸ್ತೆಯ ಕಥೆಯೂ ದುಡಿಯುವ ಪೇಟೆಯಿಂದಲೇ ಶುರುವಾದದ್ದು. ಥಾಯ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಅಕ್ಕಿ. ಒಂದು ಕಾಲಕ್ಕೆ ಅದು ಅಕ್ಕಿ ಪೇಟೆ. 1980ರ ದಶಕದಲ್ಲಿ ಬೆನ್ನುಚೀಲದ ಪ್ರವಾಸಿಗಳು ಬರತೊಡಗಿದಾಗ ಅಲ್ಲಿನ ಮನೆಗಳವರು ತಮ್ಮ ಕೋಣೆಗಳನ್ನೇ ಬಾಡಿಗೆಗೆ ಕೊಟ್ಟರು. ಅಗ್ಗದ ಊಟ, ಅಗ್ಗದ ಹಾಸಿಗೆ ಹುಟ್ಟುವುದು ದುಡಿಯುವ ಪೇಟೆಯ ಮಗ್ಗುಲಲ್ಲೇ. ದಾವಣಗೆರೆಯಷ್ಟು ಚೆನ್ನಾಗಿ ಇದನ್ನು ತೋರಿಸುವ ಊರು ನಮ್ಮ ನಾಡಿನಲ್ಲಿ ಕಡಿಮೆ.

ಹತ್ತಿ ಗಿರಣಿಗಳ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದರು. ಗಿರಣಿಯಲ್ಲಿ ಪಾಳಿ ಬದಲಾದಾಗ ನೂರಾರು ಜನ ಹಸಿದು ಹೊರಗೆ ಬರುತ್ತಿದ್ದರು. ದಲಾಲಿ ಮಂಡಿಗೆ ಹತ್ತಿ, ಶೇಂಗಾ, ಜೋಳ ಹೇರಿಕೊಂಡು ಬಂದ ರೈತರಿಗೆ ಬಿಲ್ಲು ಕೈಗೆ ಸಿಗುವವರೆಗೆ ಎಲ್ಲಾದರೂ ಕೂತು ತಿನ್ನಬೇಕಿತ್ತು. ಜೊತೆಗೆ ನಾಟಕ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ರಾತ್ರಿಯಿಡೀ ನಾಟಕ ನೋಡುವವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುತ್ತಿತ್ತು.

ಬೆಣ್ಣೆ ದೋಸೆ ಹುಟ್ಟಿದ್ದೂ ಅಂಥದೇ ಒಂದು ನಾಟಕಗೃಹದ ಬಾಗಿಲಲ್ಲಿ. ಊರಿನವರು ಹೇಳಿಕೊಂಡು ಬಂದಿರುವ ಕಥೆಯ ಪ್ರಕಾರ 1928ರಲ್ಲಿ ಚೆನ್ನಮ್ಮ ಎಂಬ ಹೆಣ್ಣುಮಗಳು ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಹೊಟ್ಟೆಪಾಡಿಗೆ ಇಲ್ಲಿಗೆ ಬಂದರು. ವಸಂತ ಟಾಕೀಸ್ ಹತ್ತಿರದ ಸವಳಗಿ ನಾಟಕಗೃಹದ ಮುಂದೆ ದೋಸೆ ಹಾಕತೊಡಗಿದರು. ಆಗ ಅದು ರಾಗಿ ಹಿಟ್ಟಿನ ದೋಸೆ, ನಂಚಿಕೊಳ್ಳಲು ಪಲ್ಯ, ಚಟ್ನಿ. ಸುಮಾರು ಹತ್ತು ವರ್ಷ ಕಳೆದ ಮೇಲೆ ಮಕ್ಕಳು ರಾಗಿ ಬಿಟ್ಟು ಅಕ್ಕಿ ಹಿಟ್ಟಿಗೆ ಬಂದರು, ಹಿಟ್ಟಿಗೆ ಮಂಡಕ್ಕಿ ಸೇರಿಸಿದರು, ಮೇಲೆ ಬೆಣ್ಣೆ ಹಾಕಿದರು. 1944ರಲ್ಲಿ ವಸಂತ ಟಾಕೀಸ್ ಬಳಿಯೇ ಅದಕ್ಕೊಂದು ಹೋಟೆಲ್ ಆಯಿತು. ಬದುಕು ಕಟ್ಟಿಕೊಳ್ಳಲು ಬಂದ ಒಬ್ಬ ತಾಯಿ, ಜೇಬಿನಲ್ಲಿ ನಾಲ್ಕು ಕಾಸಿದ್ದ ಪ್ರೇಕ್ಷಕರಿಗೆ ಹಾಕಿಕೊಟ್ಟ ತಿಂಡಿ ಇದು. ಇವತ್ತು ಬೆಂಗಳೂರಿನ ಬೀದಿಬೀದಿಯಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಎಂಬ ಬೋರ್ಡು ಕಂಡಾಗಲೆಲ್ಲ ನನಗೆ ನೆನಪಾಗುವುದು ಆ ತಾಯಿಯ ರಾಗಿ ದೋಸೆ.

ಈ ದೋಸೆಯ ಒಳಗುಟ್ಟು ತಿಳಿದರೆ ಹಣವೂ ಉಳಿಯುತ್ತದೆ. ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ, ಮೆಂತ್ಯದ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಅದರಿಂದಲೇ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಹಳೆಯ ಹೋಟೆಲುಗಳಲ್ಲಿ ಕಟ್ಟಿಗೆಯ ಒಲೆ, ಅಗಲವಾದ ದಪ್ಪ ಕಾವಲಿ. ಅದರ ಮೇಲೆ ಒಂದೇ ಸಲಕ್ಕೆ ಸಾಲಾಗಿ ದೋಸೆ ಹುಯ್ಯುತ್ತಾರೆ. ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಹಾಕದೆ ಬೆಳ್ಳಗೆ ಇಡುತ್ತಾರೆ, ಕಾಯಿಚಟ್ನಿ ತೆಳ್ಳಗಿರುತ್ತದೆ. ಇಲ್ಲಿ ಖಾಲಿ, ಓಪನ್, ಮಸಾಲೆ ಎಂಬ ಬಗೆಗಳಿವೆ. ಹೊಸಬರು ಹೆಸರು ಕೇಳಿ 'ಖಾಲಿ' ಬೇಡ ಅನ್ನುತ್ತಾರೆ. ನನ್ನ ಸಲಹೆ ಅದಕ್ಕೆ ತದ್ವಿರುದ್ಧ: ಮೊದಲು ಖಾಲಿ ಬೆಣ್ಣೆ ದೋಸೆಯನ್ನೇ ಹೇಳಿ. ಅದೇ ಮೆತ್ತಗಿರುತ್ತದೆ, ಅದರ ಜೊತೆಗೂ ಪಲ್ಯ ಬರುತ್ತದೆ, ಬೆಲೆಯೂ ಮಸಾಲೆಗಿಂತ ಕಡಿಮೆ. ಹಿಟ್ಟು, ಬೆಣ್ಣೆ ಎರಡರ ಗುಣವೂ ಅದರಲ್ಲೇ ಬಯಲಾಗುತ್ತದೆ. ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ್ದರೆ ಖಾಲಿ ದೋಸೆಯಲ್ಲಿ ಅದನ್ನು ಮುಚ್ಚಿಡಲು ಆಗುವುದಿಲ್ಲ.

ಹೆಸರಾದ ಕೊಟ್ಟೂರೇಶ್ವರ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ, ತಪ್ಪಿಲ್ಲ. ಆದರೆ ಹೆಸರಿನ ಹಿಂದೆಯೇ ಬೀಳಬೇಡಿ. ವಿದ್ಯಾನಗರ, ಪಿ.ಜೆ. ಬಡಾವಣೆ, ಹದಡಿ ರಸ್ತೆ, ಹಳೇ ಪೇಟೆ, ಯಾವ ಕಡೆ ನಡೆದರೂ ಬೆಳಗಿನ ಹೊತ್ತು ಹೊರಗೆ ಬೈಕುಗಳು ಸಾಲುಗಟ್ಟಿ ನಿಂತ ಒಂದು ಸಣ್ಣ ದೋಸೆ ಹೋಟೆಲ್ ಸಿಕ್ಕೇ ಸಿಗುತ್ತದೆ. ಕೆಲಸಕ್ಕೆ ಹೋಗುವ ಮುನ್ನ ತಿಂದು ಹೋಗುವ ಜನ ಅಲ್ಲಿದ್ದಾರೆ ಎಂದರೆ ಅಷ್ಟು ಸಾಕು. ಇಂಥ ಕಡೆ ಹಿಟ್ಟು ಮುಗಿದರೆ ಅಂಗಡಿಯೂ ಮುಗಿಯಿತು. ಮಧ್ಯಾಹ್ನ ಎಷ್ಟೋ ಕಡೆ ಒಲೆ ಆರಿರುತ್ತದೆ. ಹಾಗಾಗಿ ಹೊತ್ತು ನೋಡಿ ಹೋಗಬೇಕು. ದರವನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬೆಣ್ಣೆಯ ಬೆಲೆ ಏರಿದಾಗ ದೋಸೆಯ ಬೆಲೆಯೂ ಏರುತ್ತದೆ. ಗಲ್ಲಾಪೆಟ್ಟಿಗೆಯ ಹಿಂದಿನ ಬೋರ್ಡು ಓದಿ ಕೂರುವುದು ಲೇಸು.

ದೋಸೆಗೆ ಸಿಕ್ಕ ಕೀರ್ತಿ ಮಂಡಕ್ಕಿಗೆ ಸಿಗಲಿಲ್ಲ ಎಂಬ ಕೊರಗು ನನಗಿದೆ. ಇಲ್ಲಿನ ಮಂಡಕ್ಕಿ ಭಟ್ಟಿ ಎಂಬುದು ಒಂದು ಬಡಾವಣೆಗೇ ಹೆಸರಾಗಿ ನಿಂತಿದೆ. ಭತ್ತ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಹೊಗೆಯಲ್ಲಿ, ಕಾವಿನಲ್ಲಿ ಕುಟುಂಬಕ್ಕೆ ಕುಟುಂಬವೇ ಕೂತು ಮಾಡುವ ಕೆಲಸ ಅದು. ಸಂಜೆಯಾದರೆ ಅದೇ ಮಂಡಕ್ಕಿ ತಳ್ಳುಗಾಡಿಗೆ ಬರುತ್ತದೆ. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ಪುಟಾಣಿ ಹಿಟ್ಟು ಬಿದ್ದ ನರ್ಗೀಸ್ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ. ಮೆಣಸಿನಕಾಯಿ ಅಂದರೆ ಇಲ್ಲಿ ಬಜ್ಜಿಯೇ, ಬಜ್ಜಿ ಎಂದು ಬೇರೆಯಾಗಿ ಹೇಳುವುದಿಲ್ಲ. ಕಾಗದದ ಮೇಲೆ ಒಂದು ಗುಡ್ಡೆ ಮಂಡಕ್ಕಿ, ಎರಡು ಮೆಣಸಿನಕಾಯಿ, ಮೇಲೊಂದು ಬೈಟು ಟೀ. ರಾತ್ರಿ ಊಟ ಸ್ವಲ್ಪ ತಡವಾದರೂ ಚಿಂತೆಯಿಲ್ಲ.

ಹೊಟ್ಟೆ ತುಂಬ ಊಟ ಬೇಕೆಂದರೆ ಖಾನಾವಳಿ ಹುಡುಕಿ. 'ಫ್ಯಾಮಿಲಿ ರೆಸ್ಟೋರೆಂಟ್' ಬೋರ್ಡಿನ ಕೆಳಗೆ ಎಸಿಯ ತಂಪಿದೆ, ಮೇಜಿನ ಮೇಲೆ ಬಟ್ಟೆಯಿದೆ, ಅದರ ಖರ್ಚು ನಿಮ್ಮ ಬಿಲ್ಲಿನಲ್ಲೇ ಬರುತ್ತದೆ. ಖಾನಾವಳಿಯಲ್ಲಿ ಇರುವುದು ಬಡಿದ ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ಕಾಯಿಪಲ್ಯ ಅಥವಾ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು, ಆಮೇಲೆ ಅನ್ನ ಸಾರು. ದಾವಣಗೆರೆ ನಡುನಾಡಿನ ಊರು. ರೊಟ್ಟಿ ಸೀಮೆ ಮುಗಿದು ಮುದ್ದೆ ಸೀಮೆ ಶುರುವಾಗುವ ಗಡಿ ಇಲ್ಲೇ ಎಲ್ಲೋ ಹಾದುಹೋಗುತ್ತದೆ. ಹಾಗಾಗಿ ಒಂದೇ ಬೀದಿಯಲ್ಲಿ ಎರಡೂ ಸಿಗುತ್ತವೆ. ಕೂರುವ ಮೊದಲು ಒಂದೇ ಮಾತು ಕೇಳಿ: "ಅಕ್ಕಾ, ರೊಟ್ಟಿ ಎಷ್ಟು ಬರ್ತಾವೆ, ಹೆಚ್ಚಿಗೆ ತಗೊಂಡ್ರೆ ಬೇರೆ ರೊಕ್ಕಾನಾ?" ಕೆಲವೆಡೆ ರೊಟ್ಟಿಗೆ ಲೆಕ್ಕವಿದೆ, ಪಲ್ಯಕ್ಕಿಲ್ಲ. ಕೆಲವೆಡೆ ಎರಡಕ್ಕೂ ಇಲ್ಲ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. "ಕುಂದ್ರಿ ಅಣ್ಣಾರ, ಹೊಟ್ಟೆ ತುಂಬ ಉಣ್ರಿ" ಎಂಬ ಉತ್ತರ ಎಷ್ಟೋ ಸಲ ನನಗೇ ಸಿಕ್ಕಿದೆ.

ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ಒಲೆಗಳು ಆರಬೇಕಿತ್ತು. ಆರದಂತೆ ನೋಡಿಕೊಂಡವರು ವಿದ್ಯಾರ್ಥಿಗಳು. 1951ರಲ್ಲಿ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಗಿರಣಿಯ ಊರು ಹೀಗೆ ಕಾಲೇಜಿನ ಊರಾಯಿತು. ತಿಂಗಳ ಲೆಕ್ಕದ ಮೆಸ್ಸುಗಳು ಎದ್ದವು. ವಾರಗಟ್ಟಲೆ ಇರಬೇಕಾದವರು, ಅದರಲ್ಲೂ ಮಕ್ಕಳ ಪರೀಕ್ಷೆಗೆ ಜೊತೆಗೆ ಬಂದ ತಂದೆ ತಾಯಿ, ದಿನದಿನದ ಬಿಲ್ಲು ಕೊಡುವ ಬದಲು ಇಂಥ ಮೆಸ್ಸಿನಲ್ಲಿ ಕೂಪನ್ ಕೇಳಿ ನೋಡಬೇಕು. ಇನ್ನೂ ಕಡಿಮೆ ಬೇಕೆಂದರೆ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೋಜನೆ ಮುಂದೆ ಜಿಲ್ಲಾ ಕೇಂದ್ರಗಳಿಗೂ ಬಂತು. ಅದು ಶುರುವಾದಾಗ ಇಟ್ಟ ದರ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವ ಬಡವರಿಗೆ ಅದು ಎಷ್ಟು ದೊಡ್ಡ ಆಸರೆ ಎಂಬುದನ್ನು ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಇನ್ನು ಮಲಗುವ ಮಾತು. ಇದರಲ್ಲಿ ಜನ ಹೆಚ್ಚು ದುಡ್ಡು ಕಳೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೈಲು ಹಳಿ ದಾವಣಗೆರೆಯನ್ನು ಎರಡು ಮಾಡಿದೆ. ಒಂದು ಕಡೆ ಮಂಡಿಪೇಟೆ, ಚೌಕಿಪೇಟೆಯಂಥ ಹಳೇ ಪೇಟೆ, ಇನ್ನೊಂದು ಕಡೆ ಹೊಸ ಬಡಾವಣೆಗಳು. ನಿಲ್ದಾಣದ ಹತ್ತಿರವೇ ಪುಣೆ–ಬೆಂಗಳೂರು ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಪಿ.ಬಿ. ರಸ್ತೆ. ಲಾಡ್ಜುಗಳು ಹೆಚ್ಚಾಗಿ ಈ ರಸ್ತೆಯಲ್ಲಿ, ಅಶೋಕ ರಸ್ತೆಯಲ್ಲಿ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸಿಗುತ್ತವೆ. ಪೇಟೆಗೆ ಬಂದ ವ್ಯಾಪಾರಿಗಳಿಗಾಗಿ, ಕೋರ್ಟಿಗೆ ಬಂದ ಹಳ್ಳಿಯವರಿಗಾಗಿ ಎದ್ದ ಕಟ್ಟಡಗಳು ಅವು. ಹೆದ್ದಾರಿಯ ಪಕ್ಕದ ಹೊಸ ಹೋಟೆಲುಗಳ ಹೊಳಪು ಇಲ್ಲಿಲ್ಲ. ಅಗತ್ಯವಾದದ್ದು ಇದೆ: ಬೀಗ ಭದ್ರವಾಗಿರುವ ಬಾಗಿಲು, ಫ್ಯಾನು, ಬೆಳಿಗ್ಗೆ ಬಿಸಿನೀರು. ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಮೊದಲೇ ಕೇಳಿ. ಕೋಣೆಯನ್ನು ಕಣ್ಣಾರೆ ನೋಡಿದ ಮೇಲೆಯೇ ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ. "ಒಂದ್ಸಲ ರೂಮು ತೋರಿಸ್ತೀರಾ?" ಎಂದು ಕೇಳಲು ನಮ್ಮ ಜನ ಯಾಕೋ ಅಂಜುತ್ತಾರೆ. ಅಂಜಬೇಕಾದದ್ದು ಏನೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬಾಡಿಗೆಯದಲ್ಲ, ಗಂಟೆಯದು. ಹಳೆಯ ಲಾಡ್ಜುಗಳಲ್ಲಿ ಹಲವು 24 ಗಂಟೆ ಲೆಕ್ಕದವು. ನೀವು ನಸುಕಿನ 5ಕ್ಕೆ ಒಳಗೆ ಹೋದರೆ ಮರುದಿನ 5ರವರೆಗೆ ಕೋಣೆ ನಿಮ್ಮದು. ಹೊಸ ಪದ್ಧತಿಯಲ್ಲಿ ದಿನ ಮುಗಿಯುವುದು ಮಧ್ಯಾಹ್ನಕ್ಕೆ. ರಾತ್ರಿ ರೈಲಿಳಿದು ನಸುಕಿನಲ್ಲಿ ಅಂಥಲ್ಲಿಗೆ ಹೋದರೆ ಮಧ್ಯಾಹ್ನದೊಳಗೆ ಒಂದು ದಿನದ ಬಾಡಿಗೆ ಮುಗಿದು ಇನ್ನೊಂದು ದಿನದ್ದು ಶುರುವಾಗುತ್ತದೆ. ನೂರು ರೂಪಾಯಿ ಕಡಿಮೆ ಎಂದು ಆರಿಸಿಕೊಂಡ ಕೋಣೆ ಹೀಗೆ ದುಪ್ಪಟ್ಟಾಗುತ್ತದೆ.

ಮೊಬೈಲಿನಲ್ಲಿ ಮುಂಗಡ ಕೋಣೆ ಹಿಡಿಯುವವರಿಗೂ ಒಂದು ಮಾತು. ಕೆಲವು ವರ್ಷಗಳ ಹಿಂದೆ ನಾನು ಹಾಗೆ ಹಣ ಕಟ್ಟಿ ರಾತ್ರಿ ಹತ್ತೂವರೆಗೆ ಒಂದು ಲಾಡ್ಜಿನ ಮೆಟ್ಟಿಲು ಹತ್ತಿದೆ. ಕೌಂಟರಿನ ಹುಡುಗ ಪುಸ್ತಕ ತಿರುವಿ, "ಸಾರ್, ನಮಗೆ ಈ ಬುಕಿಂಗ್ ಬಂದೇ ಇಲ್ಲ" ಅಂದ. ಜೊತೆಯಲ್ಲಿ ವಯಸ್ಸಾದ ತಾಯಿ ಇದ್ದರು. ಕೊನೆಗೆ ಎದುರಿನ ಹಳೇ ಲಾಡ್ಜಿನ ಯಜಮಾನರು ಮಲಗಿದ್ದವರು ಎದ್ದು ಬಂದು ಕೆಳಮಹಡಿಯ ಕೋಣೆ ಕೊಟ್ಟರು, ಅದೂ ನಾನು ಮೊದಲು ಕಟ್ಟಿದ್ದಕ್ಕಿಂತ ಕಡಿಮೆಗೆ. ಅಂದಿನಿಂದ ಹಣ ಕಟ್ಟುವ ಮೊದಲು ನೇರ ಲಾಡ್ಜಿಗೇ ಫೋನು ಮಾಡಿ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಎಷ್ಟೋ ಸಲ ಮಾಲೀಕರು ನೇರ ಬಂದವರಿಗೆ ದರ ಇಳಿಸುತ್ತಾರೆ, ನಡುವಿನವರ ಕಮಿಷನ್ ಉಳಿಯುವುದರಿಂದ ಅವರಿಗೂ ಅದು ಲಾಭವೇ.

ತೆರಿಗೆಯ ವಿಷಯವೂ ತಿಳಿದಿರಲಿ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ 2022ರ ಜುಲೈ 17ರವರೆಗೆ ಜಿಎಸ್‌ಟಿ ಇರಲಿಲ್ಲ, ಆಮೇಲೆ ಶೇ. 12 ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಅದು ಶೇ. 5ಕ್ಕೆ ಇಳಿದಿದೆ. 800 ರೂಪಾಯಿಯ ಕೋಣೆಗೆ ತೆರಿಗೆ 40 ರೂಪಾಯಿ ಮಾತ್ರ. ಹಳೆಯ ಲೆಕ್ಕದಲ್ಲಿ 96 ಕೇಳಿದರೆ ಬಿಲ್ಲು ಕೇಳಿ. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಲಾಡ್ಜು, ಸಣ್ಣ ಹೋಟೆಲು ತೆರಿಗೆ ಎಂದು ಒಂದು ಪೈಸೆಯನ್ನೂ ಸೇರಿಸುವಂತಿಲ್ಲ. ವಹಿವಾಟಿನ ಮೇಲೆ ತಾವೇ ಇಂತಿಷ್ಟು ತೆರಿಗೆ ಕಟ್ಟುವ ಕಾಂಪೋಜಿಷನ್ ಪದ್ಧತಿಗೆ ಸೇರಿದ ಹೋಟೆಲುಗಳೂ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಊಟದ ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ತಾನಾಗಿ ಸೇರಿಕೊಂಡಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯ ಮಾಡಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಗುರುತಿನ ಚೀಟಿ ಕೊಡಲೇಬೇಕು, ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಇಟ್ಟುಕೊಂಡು ಹೋಗುವುದು ಕ್ಷೇಮ.

ದಿನವನ್ನೂ ನೋಡಿ ಹೊರಡಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಊರಿನ ಮನೆಮನೆಯಲ್ಲಿ ನೆಂಟರು, ಲಾಡ್ಜಿನಲ್ಲಿ ಕೋಣೆ ಸಿಕ್ಕರೆ ಪುಣ್ಯ. ಮದುವೆ ತಿಂಗಳುಗಳಲ್ಲಿ ಕಲ್ಯಾಣಮಂಟಪದವರೇ ಸಾಲು ಕೋಣೆ ಹಿಡಿದಿರುತ್ತಾರೆ. ಬೆಂಗಳೂರಿನಿಂದ ಒಂದು ದಿನದ ಕೆಲಸಕ್ಕೆ ಬರುವವರು ಜನಶತಾಬ್ದಿ ರೈಲಿನ ವೇಳೆಯನ್ನೂ, 2023ರ ಜೂನ್ 27ರಿಂದ ಓಡುತ್ತಿರುವ ಬೆಂಗಳೂರು–ಧಾರವಾಡ ವಂದೇ ಭಾರತದ ವೇಳೆಯನ್ನೂ ನೋಡಿಕೊಳ್ಳಲಿ. ಬೆಳಿಗ್ಗೆ ಬಂದು ಅಂದೇ ಮರಳಿದರೆ ಕೋಣೆಯೇ ಬೇಕಿಲ್ಲ.

ಕೋಣೆ ತುಂಬಿದ ದಿನಗಳಲ್ಲಿ ನಾನು ಹೇಳುವುದು ಹರಿಹರ. ದಾವಣಗೆರೆಯಿಂದ ಸುಮಾರು 14 ಕಿ.ಮೀ., ಬಸ್ಸುಗಳ ಓಡಾಟ ಬಿಡುವಿಲ್ಲದ್ದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವೂ ಇಲ್ಲ. ತುಂಗಭದ್ರೆಯ ದಂಡೆಯ ಈ ಊರಿಗೆ ಜನ ಬಂದು ಹೋಗುವುದು ಇಂದು ನಿನ್ನೆಯದಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಹರಿಹರೇಶ್ವರನ ಗುಡಿ ಕಟ್ಟಿಸಿದ. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ದೇವರ ದರ್ಶನಕ್ಕೆ ಬಂದವರಿಗೆ ಅನ್ನ, ಮಲಗಲು ಜಗಲಿ ಕೊಡುವುದು ವ್ಯಾಪಾರವಾಗುವ ಮೊದಲು ಧರ್ಮವಾಗಿತ್ತು. ಛತ್ರ ಎಂಬ ಮಾತು ಲಾಡ್ಜಿಗಿಂತ ಎಷ್ಟೋ ಹಳೆಯದು. ಈಗಲೂ ಗುಡಿ, ಮಠಗಳ ಬಳಿ ಯಾತ್ರಿಗಳಿಗೆ ಕೋಣೆಯುಂಟೇ ಎಂದು ವಿನಯದಿಂದ ಕೇಳಿದರೆ ದಾರಿ ತೋರಿಸುವವರಿದ್ದಾರೆ. ಹಾಗೆ ಉಳಿದುಕೊಂಡವರು ಹೊರಡುವಾಗ ಕೈಲಾದಷ್ಟು ಕಾಣಿಕೆ ಹಾಕಿ ಹೋಗುವುದು ನ್ಯಾಯ.

ಹರಿಹರದ ಊಟದ ಅಂಗಡಿಗಳನ್ನು ಬೆಳೆಸಿದ್ದೂ ದುಡಿಯುವ ಜನವೇ. 1941ರಲ್ಲಿ ಬಂದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳ ಕಾರ್ಖಾನೆ ಈ ಊರಿನ ಹೆಸರನ್ನು ದೇಶಕ್ಕೆ ಹಬ್ಬಿಸಿತು. ಅದು ಮುಚ್ಚಿದ ಮೇಲೆ ಎಷ್ಟೋ ಮನೆಗಳ ಜೊತೆ ಎಷ್ಟೋ ಚಹಾದಂಗಡಿಗಳೂ ಕಷ್ಟಕ್ಕೆ ಬಿದ್ದವು. ನದಿಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಇನ್ನೂ ನಡೆಯುತ್ತಿದೆ, ಪಾಳಿಯ ಜನ ಬರುತ್ತಾರೆ, ಬಸ್ ನಿಲ್ದಾಣದ ಸುತ್ತ ಬೆಳಗಿನ ಇಡ್ಲಿ, ಪಡ್ಡು, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ನಡೆಯುತ್ತದೆ. ಇಲ್ಲೂ ಕೆಲವು ದಿನ ತಪ್ಪಿಸಿ ಬರಬೇಕು. ಸೆಪ್ಟೆಂಬರ್ 8ರ ಆರೋಗ್ಯಮಾತೆ ಚರ್ಚಿನ ಹಬ್ಬಕ್ಕೆ ದೂರದೂರದಿಂದ ಜನ ಸೇರುತ್ತಾರೆ. ಫೆಬ್ರುವರಿಯಲ್ಲಿ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಜಾತ್ರೆ ಇರುತ್ತದೆ. ಆ ದಿನಗಳಲ್ಲಿ ಹರಿಹರ ತುಂಬಿ ದಾವಣಗೆರೆಯ ಲಾಡ್ಜುಗಳಿಗೂ ಹರಿಯುತ್ತದೆ.

ಈ ಅಗ್ಗದ ಒಲೆಗಳು ಉಳಿಯಬೇಕೆಂದರೆ ಊರು ಆಳುವವರ ಕೈಯೂ ಸೇರಬೇಕು. ಸಿಂಗಪುರದವರು ಬೀದಿ ಬದಿಯ ಅಡುಗೆಯವರನ್ನು ಓಡಿಸಲಿಲ್ಲ. ಸರ್ಕಾರವೇ ನೀರು, ಚರಂಡಿ, ಸೂರು ಇರುವ ಊಟದ ಮಂಟಪಗಳನ್ನು ಕಟ್ಟಿಸಿ ಅವರನ್ನು ಅಲ್ಲಿ ಕೂರಿಸಿತು. 2020ರಲ್ಲಿ ಯುನೆಸ್ಕೊ ಆ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಮಂಡಕ್ಕಿ ಗಾಡಿಯವರಿಗೆ ಒಂದು ನಲ್ಲಿ, ಒಂದು ದೀಪ, ಒಂದು ಕಸದ ತೊಟ್ಟಿ ಕೊಟ್ಟರೆ ಪರಸ್ಥಳದವರು ಹಿಂಜರಿಯದೆ ಅಲ್ಲಿ ನಿಲ್ಲುತ್ತಾರೆ.

ದಾವಣಗೆರೆ ಮಹಾನಗರ ಪಾಲಿಕೆಗೂ ಹರಿಹರ ನಗರಸಭೆಗೂ ನನ್ನ ಇನ್ನೊಂದು ಬೇಡಿಕೆ ಇದೆ, ಅದಕ್ಕೆ ಹೆಚ್ಚು ಹಣವೂ ಬೇಕಿಲ್ಲ. ಎರಡೂ ಊರಿನ ಬಸ್ ನಿಲ್ದಾಣ, ರೈಲು ನಿಲ್ದಾಣದಲ್ಲಿ ಒಂದೊಂದು ದೊಡ್ಡ ಫಲಕ ಹಾಕಿಸಿ. ಪರವಾನಗಿ ಇರುವ ಲಾಡ್ಜುಗಳ ಹೆಸರು, ದರ, 24 ಗಂಟೆಯೋ ಮಧ್ಯಾಹ್ನವೋ ಎಂಬ ಲೆಕ್ಕ, ಒಂಟಿ ಹೆಣ್ಣುಮಕ್ಕಳಿಗೆ ಕೋಣೆ ಕೊಡುವ ಜಾಗಗಳು, ಛತ್ರಗಳು, ಇಂದಿರಾ ಕ್ಯಾಂಟೀನಿನ ದಾರಿ, ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ. ರಾತ್ರಿ ಹನ್ನೊಂದಕ್ಕೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಿ, ಮಲಗಲು ಜಾಗ ಹುಡುಕುತ್ತಾ ಪಿ.ಬಿ. ರಸ್ತೆಯಲ್ಲಿ ನಿಲ್ಲುವ ಹಳ್ಳಿಯ ಜನರ ಕಣ್ಣಿಗೆ ಆ ಫಲಕ ಬೀಳಲಿ.